ಬೀಸೂ ಕಲ್ಲು ತಿರುವಿದಂಗ...

"ಎಲ್ಲರಿಗೂ ನಮಸ್ಕಾರ. ಈಗ ನಿಧಾನವಾಗಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳಿ..."

ಇಷ್ಟು ಹೇಳೋಕೆ ಕನ್ನಡಿ ಮುಂದೆ ಮೂರು ದಿನ ಪ್ರಾಕ್ಟೀಸ್ ಮಾಡಿದ್ದೆ ಅಂದ್ರೆ ನಗಬೇಡಿ. 2020ರ ಏಪ್ರಿಲ್, ಲಾಕ್‌ಡೌನ್. ಬೆಳಿಗ್ಗೆ ಆರಕ್ಕೆ ಸಾಲೋಟಗಿಯ ನಮ್ಮ ಮನೆ ಮಾಳಿಗೆ ಮೇಲೆ, ಫೋನನ್ನು ನೀರಿನ ಟಾಕಿಗೆ ಒರಗಿಸಿ ಕೂತಿದ್ದೆ. ಕೆಳಗೆ ನೆಟ್‌ವರ್ಕ್ ಸಿಗೋಲ್ಲ. ಶಿಷ್ಯರು ಐದೇ ಜನ. ಪುಣೆಯಲ್ಲಿರೋ ಅಕ್ಕ, ಅವಳ ಬಿಲ್ಡಿಂಗಿನ ಮೂವರು, ಮತ್ತೆ ಸೊಲ್ಲಾಪುರದಲ್ಲಿ ಒಬ್ಬರೇ ಇದ್ದ ಅಕ್ಕನ ಗಂಡನ ಅಜ್ಜಿ. ನಾವೆಲ್ಲ ಆಯಿ ಅಂತೀವಿ. ಪಕ್ಕದ ಮನೆ ಹುಡುಗ ದಿನಾ ಬಂದು ಫೋನು ಹಚ್ಚಿಕೊಟ್ಟು ಹೋಗ್ತಿದ್ದ.

ನಮ್ಮೂರಲ್ಲಿ ಕ್ರಿ.ಶ. 945ರ ಶಾಸನ ಸಿಕ್ಕಿದೆ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡಿನಿಂದ ಹುಡುಗರು ಬರ್ತಿದ್ದರಂತೆ. ಅವರಿಗೆ ಇರೋಕೆ 27 ಮನೆ, ದೀಪದ ಖರ್ಚಿಗೇ ಅಂತ ಬೇರೆ ಭೂಮಿ! ನನ್ನ ಶಾಲೆಯಲ್ಲಿ ಕರೆಂಟ್ ಹೋದ್ರೆ ಹೋಯ್ತು :)

ಆ ಪುಸ್ತಕದ ಕನ್ನಡ ಯಾಕೆ ಬೇಕಿತ್ತು ಅಂತೀರಾ? ಬಿ.ಎಡ್. ಮುಗಿಸಿ, ಒಂದು ವರ್ಷ ಯೋಗ ಕಲಿತು, ಬೆಂಗಳೂರಿನಲ್ಲಿ ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. "ನಿಮ್ಮ ಭಾಷೆ ಸ್ವಲ್ಪ ಒರಟು, ಮಕ್ಕಳಿಗೆ ಅರ್ಥ ಆಗಲ್ಲ" ಅಂದರು. ವಾಪಸ್ ಬಂದವಳು ಆಮೇಲೆ ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಬಿ.ಕೆ.ಎಸ್. ಅಯ್ಯಂಗಾರರೂ ಪಾಠ ಹೇಳೋಕೆ ಶುರು ಮಾಡಿದ್ದು ನಮ್ಮ ಕಡೆನೇ ಗೊತ್ತಾ? 1936ರಲ್ಲಿ ಗುರು ಕೃಷ್ಣಮಾಚಾರ್ಯರ ಜೊತೆ ಉತ್ತರ ಕರ್ನಾಟಕಕ್ಕೆ ಬಂದಾಗ, ಇವನೇ ಎಲ್ಲರಿಗಿಂತ ಚಿಕ್ಕವನು ಅಂತ ಹೆಂಗಸರಿಗೆ ಕಲಿಸೋಕೆ ಇವರನ್ನೇ ಕಳಿಸಿದರು. ಬೆಳಗಾವಿಯ ಸಿವಿಲ್ ಸರ್ಜನ್ ಡಾ. ಗೋಖಲೆ ಇವರ ಆಸನ ನೋಡಿ ಮೆಚ್ಚಿ, 1937ರಲ್ಲಿ ಪುಣೆಗೆ ಕರೆಸಿಕೊಂಡರು. ವಯಸ್ಸು ಹದಿನೆಂಟು, ಮರಾಠಿ ಬರೋಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ಆದ್ರೆ ಅವರಿಗೆ ಕೈ ಇತ್ತು. ಶಿಷ್ಯನ ಭುಜ ಹಿಡಿದು ತಿರುಗಿಸಬಹುದಿತ್ತು. ನನಗಿದ್ದದ್ದು ಬರೀ ಬಾಯಿ, ಅದೂ ಒಣಗಿ ಹೋಗಿತ್ತು.

ಆರನೇ ದಿನ ಚಕ್ಕಿ ಚಲನಾಸನ. "ಎರಡೂ ಪಾದಗಳನ್ನು ಅಗಲಿಸಿ, ಸೊಂಟದ ಮೇಲ್ಭಾಗವನ್ನು ವೃತ್ತಾಕಾರವಾಗಿ..." ಅಂತಿದ್ದೆ. ಆಯಿ ತಡೆದರು.

"ಏ ಯವ್ವಾ, ನೀ ಏನ್ ಹೇಳಾಕತ್ತಿ ಒಂದೂ ತಿಳೀವಲ್ದು. ರೇಡಿಯೋದಾಗ ವಾರ್ತಾ ಓದಿದಂಗ ಆಗ್ತದ."

ಕಿವಿಯೆಲ್ಲ ಬಿಸಿಯಾಯ್ತು. ಫೋನ್ ಆಫ್ ಮಾಡೋಣ ಅನ್ನಿಸ್ತು. ಅದ್ಯಾವ ಮಾಯೆಯೋ, ಬಾಯಿಂದ ಬಂದೇಬಿಡ್ತು: "ಆಯೀ, ಬೀಸೂ ಕಲ್ಲಿನ ಮುಂದ ಕುಂತೀನಿ ಅಂತ ತಿಳ್ಕೋರಿ. ಗೂಟಾ ಹಿಡೀರಿ. ಹಾಂ, ಇನ್ನ ಜ್ವಾಳಾ ಬೀಸ್ರಿ!"

ಆಯಿ ಎರಡೂ ಕೈ ಕೂಡಿಸಿ ತಿರುವಿದ್ದೇ ತಿರುವಿದ್ದು, ಜೊತೆಗೆ ಬೀಸೂ ಪದ ಬೇರೆ! ಮುಂದೆ ಬಾಗುವಾಗ ಪದ, ಅಂದ್ರೆ ಉಸಿರು ಹೊರಗೆ. ಹಿಂದಕ್ಕೆ ಬರುವಾಗ ಉಸಿರು ಒಳಗೆ. ಐದು ದಿನ ಹೇಳಿ ಹೇಳಿ ನಾನು ಸೋತದ್ದೂ ಇದೇ. ಪುಣೆಯ ಮರಾಠಿ ಹೆಂಗಸರೂ ಆಯಿಯನ್ನು ನೋಡಿ ತಿರುವೋಕೆ ಶುರು ಮಾಡಿದರು. ಆವತ್ತು ಎಲ್ಲರೂ ಶವಾಸನದಲ್ಲಿದ್ದಾಗ ಪುಕ್ಕಟೆ ಆಪಿನ 40 ನಿಮಿಷ ಮುಗಿದು ಕ್ಲಾಸ್ ಕಟ್ಟಾಯ್ತು. ಅಕ್ಕ ಅರ್ಧ ಗಂಟೆ ಹಾಗೇ ಮಲಗಿದ್ದಳಂತೆ.

ಅಲ್ಲಿಂದ ನಾನು ನಮ್ಮ ಮಾತಲ್ಲೇ ಹೇಳತೊಡಗಿದೆ. ಕ್ಲಾಸ್ ಮುಗಿದ ಮೇಲೂ ಯಾರೂ ಎದ್ದು ಹೋಗ್ತಿರಲಿಲ್ಲ. ಆಯಿ ಏನು ಪಲ್ಯ ಮಾಡಿದರು, ಎಷ್ಟು ಹೊತ್ತು ನಿದ್ದೆ ಬಂತು, ಎಲ್ಲ ವಿಚಾರಣೆ.

ಜೂನಿನಲ್ಲಿ ಒಂದು ದಿನ ಆರಾದರೂ ಆಯಿಯ ಚೌಕ ಬರಲಿಲ್ಲ. ಆರೂ ಐದು. ಆರೂ ಹತ್ತು. ಫೋನ್ ಎತ್ತಲಿಲ್ಲ. ಕ್ಲಾಸ್ ನಿಲ್ಲಿಸಿ ಅಕ್ಕ ಪಕ್ಕದ ಮನೆಯವರಿಗೆ ಹಚ್ಚಿದಳು. ಎಬ್ಬಿಸಿದ ಮೇಲೆ ಅವರು ಹೋಗಿ ಬಾಗಿಲು ಮುರಿದರು. ಆಯಿ ರಾತ್ರಿಯೇ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಎಡಗೈ ಮುರಿದಿತ್ತು.

ಸಂಜೆ ನಾನೇ ಫೋನ್ ಮಾಡಿದೆ, ಅಳ್ತಾ. ಆಯಿಯೇ ನನಗೆ ಸಮಾಧಾನ ಹೇಳಿದರು.

"ಯಾಕ ಅಳ್ತಿ? ಆರಾದ್ರ ನೀ ನನ್ನ ಹುಡುಕ್ತಿ ಅಂತ ಗೊತ್ತಿತ್ತು. ಹೊತ್ತು ಹೊಂಡೂದನ್ನ ನೋಡಕೋತ ಬಿದ್ದಿದ್ನಿ."

ಮೂರು ವಾರದ ಮೇಲೆ ಪ್ಲಾಸ್ಟರ್ ಹಾಕಿದ ಕೈ ಉಡಿಯಲ್ಲಿಟ್ಟುಕೊಂಡು ಮತ್ತೆ ಬಂದು ಕೂತರು. ಆಸನ ಬೇಡ, ಸುಮ್ಮನೆ ನೋಡ್ರಿ ಅಂದೆ. ಕೇಳಬೇಕಲ್ಲ... ಬಲಗೈ ಒಂದರಲ್ಲೇ ಜೋಳ ಬೀಸತೊಡಗಿದರು.