ಕಾರಣ ಹೇಳಿ ವಾಪಸ್ ಕಳಿಸೋ ಯಂತ್ರ



ಎರಡು ತಿಂಗಳಿಂದ ಪ್ರತಿ ಭಾನುವಾರ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಹಾಸ್ಟೆಲ್ ಮಕ್ಕಳ ಜೊತೆ ಕೂತು ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದ್ದೀನಿ. ಹೇಳಿಕೊಡೋಳು ಡಿಪ್ಲೊಮಾ ಓದ್ತಿರೋ ನಮ್ಮದೇ ಹುಡುಗಿ. ಬಿ.ಎ. ಓದಿದ ಗುಮಾಸ್ತರಿಗೆ ಇದೆಲ್ಲ ಯಾಕೆ ಅಂತ ಆಫೀಸಲ್ಲಿ ನಗ್ತಾರೆ. ನಗಲಿ.

ಶುರು ಮಾಡೋದಕ್ಕೆ ದುಡ್ಡು ಕೊಡಬೇಕಿಲ್ಲ. ರಸ್ಟಪ್ ಹಾಕಿಕೊಂಡರೆ ಕಂಪೈಲರ್ ಜೊತೆಗೇ ಕಾರ್ಗೋ ಕೂಡ ಬರುತ್ತೆ. ವಿಂಡೋಸ್ ಆದರೆ ಮೈಕ್ರೋಸಾಫ್ಟ್‌ನ ಬಿಲ್ಡ್ ಟೂಲ್ಸ್ ಬೇರೆ ಬೇಕು, ಅದು ದೊಡ್ಡ ಡೌನ್‌ಲೋಡ್. ಆಮೇಲೆ 'ಕಾರ್ಗೋ ನ್ಯೂ' ಅಂತ ಟೈಪ್ ಮಾಡಿ, ಮುಂದೆ ಒಂದು ಹೆಸರು ಕೊಟ್ಟರೆ ಸಾಕು. ಫೋಲ್ಡರ್ ತಯಾರು. ಅದರಲ್ಲಿ ಒಂದು ಫೈಲು ಯೋಜನೆಯ ಹೆಸರು, ಆವೃತ್ತಿ, ಹೊರಗಿಂದ ತರೋ ಕೋಡ್‌ನ ಪಟ್ಟಿಗೆ. ಇನ್ನೊಂದು ನಾವು ಬರೆಯೋ ಪ್ರೋಗ್ರಾಮಿಗೆ. 'ಕಾರ್ಗೋ ರನ್' ಅಂದರೆ ಕಂಪೈಲ್ ಆಗಿ ಓಡುತ್ತೆ.

ನನ್ನ ಮನಸ್ಸು ಹಿಡಿದಿದ್ದು ಮಾತ್ರ ಎರರ್. ರಸ್ಟ್‌ನಲ್ಲಿ 'ಲೆಟ್' ಅಂತ ಒಮ್ಮೆ ಕೊಟ್ಟ ಬೆಲೆಯನ್ನ ಆಮೇಲೆ ಬದಲಿಸೋ ಹಾಗಿಲ್ಲ. ಬದಲಿಸಬೇಕಂದ್ರೆ ಮೊದಲೇ 'ಮ್ಯೂಟ್' ಅಂತ ಸೇರಿಸಿರಬೇಕು. ಏನಾಗುತ್ತೆ ನೋಡೋಣ ಅಂತ ಬೇಕಂತಲೇ ಬದಲಿಸಿದ್ವಿ. ಕಂಪೈಲರ್ ಒಪ್ಪಲಿಲ್ಲ. ಆದರೆ ಎಷ್ಟನೇ ಸಾಲು, ಯಾವ ನಿಯಮ, ಎಲ್ಲಿ 'ಮ್ಯೂಟ್' ಸೇರಿಸಿದರೆ ಸರಿಹೋಗುತ್ತೆ, ಎಲ್ಲ ತೋರಿಸಿತು. ಜೊತೆಗೆ ಇ0384 ಅಂತ ಒಂದು ನಂಬರು. ಆ ನಂಬರು ಕೊಟ್ಟು ಕೇಳಿದರೆ ಉದಾಹರಣೆ ಸಮೇತ ವಿವರಣೆ.

ಇಷ್ಟು ವರ್ಷ ಫೈಲುಗಳ ಮಧ್ಯೆ ಕೂತ ನನಗೆ ಇದು ಸಣ್ಣ ಮಾತಲ್ಲ. ನಮ್ಮ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ 'ದಾಖಲೆ ಸರಿಯಿಲ್ಲ' ಅಂತ ವಾಪಸ್ ಬರುತ್ತೆ. ಯಾವ ದಾಖಲೆ? ಹೇಳಲ್ಲ. ಬಾಡಿಗೆ ಮನೆ ಕೇಳಿದರೆ 'ಆಗಲೇ ಕೊಟ್ಟಾಯ್ತು' ಅಂತಾರೆ, ಬೋರ್ಡು ಮಾತ್ರ ತಿಂಗಳಾದ್ರೂ ಇಳಿಯಲ್ಲ. ಕಾರಣ ಹೇಳದ 'ಇಲ್ಲ'ದ ಜೊತೆ ಜಗಳ ಆಡೋದು ಹೇಗೆ?

ಹಾಗಂತ ಯಂತ್ರಕ್ಕೆ ಜಾತಿ ಇಲ್ಲ ಅಂತ ಕುಣಿಯೋದು ಬೇಡ. ಲ್ಯಾಪ್‌ಟಾಪು, ಡೇಟಾ, ಇಂಗ್ಲಿಷು, ಈ ಮೂರು ಬಾಗಿಲು ದಾಟಿದವರಿಗಷ್ಟೇ ಕಂಪೈಲರ್ ಸಿಗೋದು. ಎರರ್ ಬರೋದೂ ಇಂಗ್ಲಿಷಿನಲ್ಲೇ. ಅದಕ್ಕೇ ಪದೇ ಪದೇ ಬರೋ ಎರರ್‌ಗಳ ಅರ್ಥವನ್ನ ಕನ್ನಡದಲ್ಲಿ ಬರೆದು ಭವನದ ಗೋಡೆಗೆ ಅಂಟಿಸ್ತಿದ್ದೀವಿ.

ಪಕ್ಕದಲ್ಲೇ ಇನ್ನೊಂದು ಹಾಳೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ): ಆಡಳಿತದ ತೀರ್ಮಾನಕ್ಕೆ ಕಾರಣವನ್ನ ಬಾಧಿತರಿಗೆ ಕೊಡಬೇಕು. ಕಂಪೈಲರ್ ಕೊಡೋದನ್ನ ಕಚೇರಿಯೂ ಕೊಡಲೇಬೇಕು ಅಂತ ಮಕ್ಕಳಿಗೆ ಗೊತ್ತಾಗಲಿ.

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಸುಮ್ಮನೆ ಬಿದ್ದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಹನ್ನೊಂದು ಮಕ್ಕಳಿಗೆ ಇರೋದು ಎರಡೇ.

ಜೈ ಭೀಮ್.