ಹೇಳಿಕೊಳ್ಳಲಾಗದ ಒಂದು ತೊಂದರೆ

ಮನೆಯಲ್ಲಿ ಹೆಣ್ಣುಮಗಳು ಬೆಳೆಯುತ್ತಿದ್ದರೆ ಅವಳ ದೇಹದಲ್ಲಾಗುವ ಬದಲಾವಣೆಗಳನ್ನು ತಾಯಿಯೋ ಅಜ್ಜಿಯೋ ತಿಳಿಸಿ ಹೇಳುತ್ತಾರೆ. ಗಂಡುಮಗನಿಗೆ ಹಾಗೆ ಹೇಳುವವರು ಕಡಿಮೆ. ಅವನೂ ಬಾಯಿ ಬಿಡುವುದಿಲ್ಲ. ಹುಡುಗರಲ್ಲಿ ಸ್ತನ ಬೆಳೆಯುವ ತೊಂದರೆ ಹೀಗೆ ಮೌನದಲ್ಲಿಯೇ ಉಳಿದುಬಿಡುವಂಥದು. ವೈದ್ಯರು ಇದನ್ನು ಗೈನೆಕೊಮಾಸ್ಟಿಯಾ ಎಂದು ಕರೆಯುತ್ತಾರೆ. ನಮ್ಮ ಮನೆಯಲ್ಲಿ ಇದರ ಶಸ್ತ್ರಚಿಕಿತ್ಸೆ ನಡೆದ ಮೇಲೆ ಆಪ್ತರು ಒಬ್ಬೊಬ್ಬರಾಗಿ ಬಂದು ಮೆಲ್ಲನೆ ವಿಚಾರಿಸಿದರು. ಅವರೆಲ್ಲರ ಪ್ರಶ್ನೆಗಳಿಗೆ ಒಟ್ಟಾಗಿ ಉತ್ತರಿಸುವುದು ಲೇಸೆಂದು ತಿಳಿದು, ಮಗನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ.

2016ರಲ್ಲಿ ಅವನಿಗೆ 14 ವರ್ಷ. ಬೇಸಗೆಯಲ್ಲಿಯೂ ಅಂಗಿಯೊಳಗೆ ಎರಡು ಬನಿಯನ್ ತೊಡತೊಡಗಿದನು. ಬಾವಿಯಲ್ಲಿ ಈಜುವುದನ್ನು ಬಿಟ್ಟನು. ಬೆನ್ನು ಬಾಗಿಸಿ ನಡೆಯುವುದು ರೂಢಿಯಾಯಿತು. ಸ್ನಾನ ಮಾಡಿ ಬರಿಮೈಯಲ್ಲಿ ಲಿಂಗಪೂಜೆಗೆ ಕುಳಿತುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಅವನು ಮಾತ್ರ ವಸ್ತ್ರವನ್ನು ಎದೆಯ ತುಂಬ ಹೊದ್ದು ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದನು. ಕಾರಣ ಕೇಳಿದಾಗ ಮೊದಲು ತಾಯಿಯ ಮುಂದೆ ಅತ್ತನು, ಬಳಿಕ ಹೇಳಿದನು. ಆ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು.

ವೈದ್ಯರು ತಿಳಿಸಿದ ಮೊದಲ ಮಾತೇ ನಮಗೆ ಧೈರ್ಯ ಕೊಟ್ಟಿತು. ಹರೆಯಕ್ಕೆ ಬರುವ ಗಂಡುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಇದು ಸ್ವಲ್ಪಮಟ್ಟಿಗೆ ಆಗಿಯೇ ಆಗುತ್ತದೆ. ಪುರುಷನ ದೇಹದಲ್ಲಿಯೂ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಟೆಸ್ಟೊಸ್ಟೆರಾನ್‌ನೊಡನೆ ಅದರ ಸಮತೋಲ ತಪ್ಪಿದಾಗ ಮೊಲೆತೊಟ್ಟಿನ ಕೆಳಗಿನ ಗ್ರಂಥಿ ಬೆಳೆಯುತ್ತದೆ. ಬಹುಪಾಲು ಹುಡುಗರಲ್ಲಿ 6 ತಿಂಗಳಿನಿಂದ 2 ವರ್ಷದೊಳಗೆ ಅದು ತಾನಾಗಿಯೇ ಕರಗುತ್ತದೆ. ಆದುದರಿಂದ ಕಾಯುವುದೇ ಮೊದಲ ಚಿಕಿತ್ಸೆ. ಇದರೊಡನೆ ಯಕೃತ್ತು, ಥೈರಾಯಿಡ್ ಮತ್ತು ಹಾರ್ಮೋನುಗಳ ರಕ್ತಪರೀಕ್ಷೆಗಳೂ ವೃಷಣಗಳ ತಪಾಸಣೆಯೂ ನಡೆದವು. ಕೆಲವು ಔಷಧಿಗಳಿಂದಲೂ, ವ್ಯಾಯಾಮಶಾಲೆಗಳಲ್ಲಿ ಮೈ ಉಬ್ಬಿಸಲು ಕೊಡುವ ಸ್ಟೀರಾಯಿಡ್‌ಗಳಿಂದಲೂ ಇದು ಬರಬಹುದು. ಕಾರಣ ಉಳಿದಿರುವಾಗ ಕತ್ತರಿಸಿ ಫಲವಿಲ್ಲವೆಂದು ವೈದ್ಯರು ಒತ್ತಿ ಹೇಳಿದರು.

ನಮ್ಮ ಮಗನಿಗೆ ಅಂತಹ ಯಾವ ರೋಗವೂ ಇರಲಿಲ್ಲ. ಅವನು ಓಡಿದನು, ಕರಿದ ತಿಂಡಿ ಬಿಟ್ಟನು, 8 ಕಿಲೋ ತೂಕ ಇಳಿಸಿದನು. ಹೊಟ್ಟೆ ಕರಗಿತು, ಎದೆ ಕರಗಲಿಲ್ಲ. ಬರಿಯ ಕೊಬ್ಬಾಗಿದ್ದರೆ ವ್ಯಾಯಾಮಕ್ಕೆ ಇಳಿಯುತ್ತಿತ್ತು. ವರ್ಷಗಟ್ಟಲೆ ಉಳಿದು ನಾರುಗಟ್ಟಿದ ಗ್ರಂಥಿ ವ್ಯಾಯಾಮಕ್ಕೂ ಮಾತ್ರೆಗೂ ಮಣಿಯುವುದಿಲ್ಲ. 2022ರಲ್ಲಿ, 20ನೆಯ ವಯಸ್ಸಿನಲ್ಲಿ, ಅವನೇ ಶಸ್ತ್ರಚಿಕಿತ್ಸೆಯ ಮಾತೆತ್ತಿದನು.

ಮನೆಯ ಹಿರಿಯರು ಒಪ್ಪಲಿಲ್ಲ. “ನೋವಿಲ್ಲ, ಬ್ಯಾನಿಯಿಲ್ಲ, ಮೈಗೆ ಕತ್ತಿ ಯಾಕ?” ಎಂದು ಅಜ್ಜ ಕೇಳಿದರು. ಅವರ ಮಾತಿನಲ್ಲಿ ತೂಕವಿತ್ತು. ಪ್ರಾಣಾಪಾಯವಿಲ್ಲದ ತೊಂದರೆಗಾಗಿ ಅರಿವಳಿಕೆಗೆ ಒಡ್ಡಿಕೊಳ್ಳುವುದು ಸಣ್ಣ ಮಾತಲ್ಲ. ಮಗನು ತಲೆ ತಗ್ಗಿಸಿಯೇ ಉತ್ತರ ಕೊಟ್ಟನು: “ಅಜ್ಜಾ, ನಾ ಚೆಂದ ಕಾಣಬೇಕಂತ ಕೇಳಾಕತ್ತಿಲ್ಲ. ನಾಕು ಮಂದಿಯೊಳಗ ಎದಿ ಮುಚ್ಚಿಕೊಳ್ಳದ ನಿಂದರಬೇಕಂತ ಕೇಳಾಕತ್ತೀನಿ.” ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಮರುದಿನ, “ವೈದ್ಯರು ಯಾರು, ಏನು ಓದಿದಾರ, ಮೊದಲ ವಿಚಾರಿಸ್ರಿ” ಎಂದರು. ಅದೇ ಅವರ ಒಪ್ಪಿಗೆ.

ಇದು ಈ ಕಾಲದ ಶೋಕಿಯೆಂದು ಕೆಲವರು ಆಡಿಕೊಂಡರು. 7ನೆಯ ಶತಮಾನದ ಗ್ರೀಕ್ ವೈದ್ಯ ಪೌಲಸ್ ಈಜಿನೆಟ ಪುರುಷರ ಈ ಬೆಳವಣಿಗೆಯನ್ನು ಕತ್ತರಿಸಿ ತೆಗೆಯುವ ಕ್ರಮವನ್ನು ಆಗಲೇ ಬರೆದಿಟ್ಟಿದ್ದಾನೆ. ನಾಚಿಕೆಯೂ ಹಳೆಯದು, ಚಿಕಿತ್ಸೆಯೂ ಹಳೆಯದು.

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿ ಪಡೆದ ವೈದ್ಯರನ್ನು ಹುಡುಕಿದೆವು. ಆಸ್ಪಿರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳಿದ್ದರೆ ಮೊದಲೇ ತಿಳಿಸಬೇಕು; ಧೂಮಪಾನಿಗಳು ಕೆಲವು ವಾರ ಮುಂಚಿತವಾಗಿ ಅದನ್ನು ಬಿಡಬೇಕು, ಇಲ್ಲವಾದರೆ ಗಾಯ ಮಾಯುವುದು ತಡವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ ಸಾಕು. ಮೊದಲು ತೆಳುವಾದ ನಳಿಕೆಯಿಂದ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಬಳಿಕ ಮೊಲೆತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದು ಗ್ರಂಥಿಯನ್ನು ಹೊರತೆಗೆಯುತ್ತಾರೆ. ಬಣ್ಣಗಳು ಕೂಡುವ ಆ ಅಂಚಿನಲ್ಲಿ ಕಲೆ ಅಷ್ಟಾಗಿ ತೋರುವುದಿಲ್ಲ. ಗ್ರಂಥಿಯನ್ನೆಲ್ಲ ತೆಗೆದುಬಿಟ್ಟರೆ ತೊಟ್ಟು ಒಳಗೆ ಕುಸಿದು ತಟ್ಟೆಯಂತೆ ತಗ್ಗು ಬೀಳಬಹುದಾದ್ದರಿಂದ ತೆಳುವಾದ ಪದರವೊಂದನ್ನು ಬೇಕೆಂದೇ ಉಳಿಸುತ್ತಾರೆ. ಚರ್ಮ ಬಹಳ ಜೋತುಬಿದ್ದವರಿಗೆ ಅದನ್ನೂ ಕತ್ತರಿಸಬೇಕಾಗುತ್ತದೆ. ಆಗ ಕಲೆ ದೊಡ್ಡದಾಗುತ್ತದೆ.

ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಮೊದಲ ಮೂರು ದಿನ ನೋವು, ಬಿಗಿತ ಇದ್ದವು. ಎದೆ ನೀಲಿಗಟ್ಟಿ, ಮೊದಲಿಗಿಂತಲೂ ಊದಿಕೊಂಡಿತ್ತು. ಏನೂ ಆಗಲಿಲ್ಲವೇ ಎಂದು ಅವನು ಕಂಗಾಲಾದನು. ಈ ಊತ ಸಹಜವೆಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು. ಬಿಗಿಯಾದ ಒತ್ತುಬನಿಯನ್ನನ್ನು 6 ವಾರ ಹಗಲಿರುಳು ತೊಡಬೇಕಾಯಿತು. ಕರಡಿಗೆ ಗಾಯವನ್ನು ಒತ್ತದಂತೆ ಶಿವದಾರವನ್ನು ಮೇಲಕ್ಕೆ ಕಟ್ಟಿಕೊಟ್ಟೆವು. ವಾರದ ಮೇಲೆ ಕಾಲೇಜಿಗೆ ಹೋದನು. ಭಾರ ಎತ್ತುವುದಕ್ಕೆ 6 ವಾರ ನಿಷೇಧವಿತ್ತು. ತೊಟ್ಟಿನ ಸ್ಪರ್ಶಜ್ಞಾನ ಮರಳಲು ಕೆಲವು ತಿಂಗಳು ಹಿಡಿಯಿತು. ಒಂದೇ ಬದಿ ಥಟ್ಟನೆ ಊದಿಕೊಂಡು ಬಿಗಿದರೆ ಒಳಗೆ ರಕ್ತ ಕಟ್ಟಿರಬಹುದು. ಜ್ವರ, ಕೀವು ಕಂಡರೆ ಸೋಂಕಿರಬಹುದು. ಎರಡಕ್ಕೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಅಂತಿಮ ಆಕಾರ ತಿಳಿಯಲು ಅರ್ಧ ವರ್ಷ, ಕಲೆ ಮಾಸಲು ಒಂದು ವರ್ಷ ಕಾಯಬೇಕು. ನಮ್ಮ ಮಗನ ಎಡಬದಿ ಬಲಕ್ಕಿಂತ ತುಸು ತಗ್ಗಾಗಿ ಉಳಿದಿದೆ. ಅವನಿಗೆ ಅದರ ಚಿಂತೆಯಿಲ್ಲ. ನೂರಕ್ಕೆ ನೂರು ಸರಿಸಮವಾಗುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಬೆನ್ನು ಮಾತ್ರ ಒಮ್ಮೆಗೇ ನೆಟ್ಟಗಾಗಲಿಲ್ಲ. ಆರು ವರ್ಷ ಬಾಗಿದ ಬೆನ್ನು; ಅದಕ್ಕೂ ಅಭ್ಯಾಸ ಬೇಕಾಯಿತು.

ಇಂತಹ ಮಕ್ಕಳಿರುವ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟೇ. ಹುಡುಗನನ್ನು ಹಾಸ್ಯ ಮಾಡಬೇಡಿ. ನೆಂಟರು ಮಾಡಿದರೆ ತಡೆಯಿರಿ. ಹರೆಯದ ಹುಡುಗನಾದರೆ ಕಾಯಿರಿ, ಆದರೆ ವೈದ್ಯರಿಗೆ ತೋರಿಸಿ ಕಾಯಿರಿ. ಅನೇಕ ವಿಮಾ ಕಂಪನಿಗಳು ಇದನ್ನು ಸೌಂದರ್ಯ ಚಿಕಿತ್ಸೆಯೆಂದು ತಳ್ಳಿಹಾಕುವುದರಿಂದ ಮೊದಲೇ ಬರಹದಲ್ಲಿ ಕೇಳಿಕೊಳ್ಳಿರಿ. ಹಿರಿಯ ವಯಸ್ಸಿನವರಲ್ಲಿ ಒಂದೇ ಬದಿಗೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತಸ್ರಾವ ಕಂಡರೆ ಒಂದು ದಿನವೂ ಕಾಯಬೇಡಿ. ಸ್ತನದ ಕ್ಯಾನ್ಸರು ನೂರರಲ್ಲಿ ಸುಮಾರು ಒಂದು ಪಾಲು ಗಂಡಸರಿಗೂ ಬರುತ್ತದೆ. ಹುಡುಗನು ಶಸ್ತ್ರಚಿಕಿತ್ಸೆ ಬೇಡವೆಂದರೆ ಬೇಡ. ಅವನು ಹಾಗೆಯೇ ಇದ್ದರೂ ಕುಂದಿಲ್ಲ. ಬೇಕೆಂದರೆ ಜೊತೆಯಲ್ಲಿ ನಿಲ್ಲಿರಿ.