ಅಮೆರಿಕದ ಚರಿತ್ರೆ, ಜೀವನಕಥನ, ಕಾದಂಬರಿ: ಓದಲೇಬೇಕಾದ ಕೆಲವು ಪುಸ್ತಕಗಳು

ಹಳಗನ್ನಡ ಕಾವ್ಯ, ಶಾಸನ ಹಾಗೂ ಬಸದಿಗಳ ಅಧ್ಯಯನದಲ್ಲಿ ತೊಡಗಿರುವ ವಿದ್ಯಾರ್ಥಿಗಳು ಅಮೆರಿಕದ ಚರಿತ್ರೆಯನ್ನು ಏಕೆ ಓದಬೇಕು? ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ತೋಡಾರಿನಲ್ಲಿ ಕುಳಿತು ಮೂಡುಬಿದಿರೆಯ ಬಸದಿಗಳ ಕುರಿತು ಬರೆಯುವವನ ಮೇಜಿನ ಮೇಲೆ ಲಿಂಕನ್, ಡಗ್ಲಾಸ್, ಟೋನಿ ಮಾರಿಸನ್ ಇವರ ಪುಸ್ತಕಗಳಿಗೇನು ಕೆಲಸ ಎಂಬ ಆಶ್ಚರ್ಯ ಆ ಪ್ರಶ್ನೆಯ ಹಿಂದಿದೆ. ಇದಕ್ಕೆ ಉತ್ತರವಾಗಿಯೂ, ಸಂಶೋಧನಾಸಕ್ತರಿಗೆ ಒಂದು ಓದಿನ ಪಟ್ಟಿಯಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕನ್ನಡ ಓದುಗರಿಗೆ ಅಮೆರಿಕ ಹೆಚ್ಚಾಗಿ ಪರಿಚಯವಾದದ್ದು ಪ್ರವಾಸ ಸಾಹಿತ್ಯದ ಮೂಲಕ. ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಇವು ಇಂದಿಗೂ ಸೊಗಸಾಗಿ ಓದಿಸಿಕೊಳ್ಳುತ್ತವೆ. ಆದರೆ ಪ್ರವಾಸಿಯ ಕಣ್ಣಿಗೆ ಬೀಳುವುದು ವರ್ತಮಾನದ ಅಮೆರಿಕ. ಆ ಸಂಪತ್ತಿನ ತಳಪಾಯದಲ್ಲಿ ಯಾರ ದುಡಿಮೆ ಹೂತುಹೋಗಿದೆ ಎಂಬುದನ್ನು ತಿಳಿಯಲು ಚರಿತ್ರೆಯ ಬಳಿಗೇ ಹೋಗಬೇಕು.

ನಮ್ಮ ನೆಲಕ್ಕೂ ಆ ದೇಶಕ್ಕೂ ಇರುವ ವಿದ್ವತ್ ಸಂಬಂಧವನ್ನು ಮೊದಲು ನೆನೆಯುವುದು ಉಚಿತ. ಮೂಡುಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ತುಳು ಮಾತೃಭಾಷೆಯ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದ ಪದ್ಮನಾಭ ಜೈನಿಯವರು ಮಹಾರಾಷ್ಟ್ರದ ಕಾರಂಜಾ ಗುರುಕುಲದಲ್ಲಿ ಓದಿ, ಶ್ರೀಲಂಕಾದಲ್ಲಿ ಪಾಲಿ ಭಾಷೆಯನ್ನೂ ಬೌದ್ಧ ಆಗಮಗಳನ್ನೂ ಅಭ್ಯಾಸ ಮಾಡಿ, ಬನಾರಸ್, ಲಂಡನ್, ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪನ ನಡೆಸಿ, ಕೊನೆಗೆ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ನೆಲೆಸಿದರು. 2021ರಲ್ಲಿ ತೀರಿಕೊಂಡರು. ಅವರ ‘ದ ಜೈನ ಪಾತ್ ಆಫ್ ಪ್ಯೂರಿಫಿಕೇಶನ್’ (1979) ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಜೈನಧರ್ಮದ ಪ್ರವೇಶಗ್ರಂಥವಾಗಿದೆ. ‘ಜೆಂಡರ್ ಅಂಡ್ ಸಾಲ್ವೇಶನ್’ (1991) ಸ್ತ್ರೀಮುಕ್ತಿಯ ಕುರಿತು ದಿಗಂಬರ, ಶ್ವೇತಾಂಬರ, ಯಾಪನೀಯ ಆಚಾರ್ಯರು ನಡೆಸಿದ ವಾದಗಳನ್ನು ಮೂಲಸಹಿತ ಪರಿಶೀಲಿಸುತ್ತದೆ. ತನ್ನ ಪರಂಪರೆಯ ಮೇಲಿನ ಪ್ರೀತಿಯನ್ನು ಬಿಡದೆ, ಆ ಪರಂಪರೆಯ ಬಿಕ್ಕಟ್ಟುಗಳನ್ನು ಮುಚ್ಚಿಡದೆ ಬರೆಯುವುದು ಹೇಗೆ ಎಂಬುದಕ್ಕೆ ಈ ಎರಡು ಕೃತಿಗಳು ಮಾದರಿ. ನನ್ನ ಪಟ್ಟಿಯ ಮೊದಲ ಹೆಸರು ಇವರದೇ.

ಇನ್ನು ಚರಿತ್ರೆಯ ಗ್ರಂಥಗಳು. ಹೋವರ್ಡ್ ಜಿನ್ ಅವರ ‘ಎ ಪೀಪಲ್ಸ್ ಹಿಸ್ಟರಿ ಆಫ್ ದ ಯುನೈಟೆಡ್ ಸ್ಟೇಟ್ಸ್’ (1980) ಕೊಲಂಬಸ್‌ನನ್ನು ಹಡಗಿನ ಮೇಲಿನಿಂದ ನೋಡುವುದಿಲ್ಲ, ದಡದಲ್ಲಿ ನಿಂತ ಅರವಾಕ್ ಜನರ ಕಡೆಯಿಂದ ನೋಡುತ್ತದೆ. ಅಧ್ಯಕ್ಷರು, ಸೇನಾಪತಿಗಳು, ಉದ್ಯಮಪತಿಗಳ ಬದಲು ಮೂಲನಿವಾಸಿಗಳು, ಗುಲಾಮರು, ಗಿರಣಿ ಕಾರ್ಮಿಕರು, ಮಹಿಳೆಯರು ಅಲ್ಲಿನ ಕರ್ತೃಗಳು. ಈ ಗ್ರಂಥ ಪಕ್ಷಪಾತಿ ಎಂಬ ಟೀಕೆ ಇದೆ. ಲೇಖಕರೇ ತಾನು ಒಂದು ಪಕ್ಷದಲ್ಲಿ ನಿಂತಿರುವುದನ್ನು ಮೊದಲ ಅಧ್ಯಾಯದಲ್ಲಿಯೇ ಹೇಳಿಬಿಡುತ್ತಾರೆ. ನಯವಾದವನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಒಂದು ನಯವನ್ನು ಒಂದು ನಯವೆಂದೇ ತಿಳಿದು ಓದಿದರೆ ಅದು ಸತ್ಯದ ಒಂದು ಅಂಶವನ್ನು ಕೊಡುತ್ತದೆ. ಅದನ್ನೇ ಪೂರ್ಣಸತ್ಯವೆಂದರೆ ದುರ್ನಯವಾಗುತ್ತದೆ.

ಡೀ ಬ್ರೌನ್ ಅವರ ‘ಬರಿ ಮೈ ಹಾರ್ಟ್ ಅಟ್ ವೂಂಡೆಡ್ ನೀ’ (1970) ಎರಡನೆಯದು. ವೃತ್ತಿಯಿಂದ ಗ್ರಂಥಪಾಲಕರಾಗಿದ್ದ ಬ್ರೌನ್, ಸಂಧಾನ ಸಭೆಗಳ ಸರಕಾರಿ ದಾಖಲೆಗಳಲ್ಲಿ ಉಳಿದಿದ್ದ ಬುಡಕಟ್ಟು ನಾಯಕರ ಮಾತುಗಳನ್ನು ಹೆಕ್ಕಿ ತೆಗೆದು, 1860ರಿಂದ 1890ರವರೆಗಿನ ಮೂವತ್ತು ವರ್ಷಗಳಲ್ಲಿ ಒಂದೊಂದೇ ಜನಾಂಗ ತನ್ನ ನೆಲವನ್ನು ಕಳೆದುಕೊಂಡ ಬಗೆಯನ್ನು ಬರೆದರು. ಗೆದ್ದವರ ಕಡತದೊಳಗೇ ಸೋತವರ ದನಿಯನ್ನು ಹುಡುಕುವ ಈ ಕ್ರಮ ಶಾಸನಗಳನ್ನು ಓದುವ ನಮಗೆ ಬಹಳ ಉಪಯುಕ್ತ.

ಮೂರನೆಯದು ಇಸಬೆಲ್ ವಿಲ್ಕರ್ಸನ್ ಅವರ ‘ದ ವಾರ್ಮ್‌ತ್ ಆಫ್ ಅದರ್ ಸನ್ಸ್’ (2010). ಮೊದಲ ಮಹಾಯುದ್ಧದ ಕಾಲದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ವಲಸೆ ಹೋದ ಕಥೆಯಿದು. ಲೇಖಕಿ 1,200ಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿ, ಕೊನೆಗೆ ಮೂವರ ಬದುಕನ್ನು ಆರಿಸಿಕೊಂಡು ಬರೆದರು. ಮುಂಬಯಿಗೆ ಹೋದ ಹಿರಿಯರ ಕಥೆ ಕೇಳುತ್ತ ಬೆಳೆದ ಕರಾವಳಿಯವರಿಗೆ ರೈಲು ಹತ್ತುವ ಆ ಜನರ ಗಂಟುಮೂಟೆ ಅಪರಿಚಿತವೆನಿಸದು. ಇದೇ ಲೇಖಕಿಯ ‘ಕಾಸ್ಟ್’ (2020) ಅಮೆರಿಕದ ವರ್ಣಭೇದವನ್ನು ಭಾರತದ ಜಾತಿಯೊಂದಿಗೆ ಹೋಲಿಸುತ್ತದೆ. ಆ ಹೋಲಿಕೆ ಎಲ್ಲಿ ಬೆಳಕು ಕೊಡುತ್ತದೆ, ಎಲ್ಲಿ ಅವಸರದ್ದಾಗುತ್ತದೆ ಎಂಬುದನ್ನು ಜಾತಿಯ ಒಳಗೇ ಬದುಕಿರುವ ನಾವು ವಿಮರ್ಶಿಸಿ ಓದಬೇಕು.

ಜೀವನಕಥನಗಳಲ್ಲಿ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ ಅಗ್ರಸ್ಥಾನಕ್ಕೆ ಅರ್ಹ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಅವನಿಗೆ ತನ್ನ ಜನ್ಮದಿನ ತಿಳಿದಿರಲಿಲ್ಲ. ಒಡತಿ ಅಕ್ಷರ ಕಲಿಸತೊಡಗಿದಾಗ ಒಡೆಯ ತಡೆದ. ಓದು ಬಂದರೆ ಗುಲಾಮ ಕೈತಪ್ಪುತ್ತಾನೆಂಬುದು ಅವನ ಲೆಕ್ಕ. ಹುಡುಗ ಬೀದಿಯ ಬಡ ಬಿಳಿಯ ಮಕ್ಕಳಿಗೆ ರೊಟ್ಟಿ ಕೊಟ್ಟು ಅಕ್ಷರ ಕಲಿತ. ನಮ್ಮ ಶಾಸ್ತ್ರದಾನದ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವಾಗಲೆಲ್ಲ ನನಗೆ ಈ ರೊಟ್ಟಿ ನೆನಪಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಚರಿತ್ರೆಯ ದೊಡ್ಡ ಸಂಗತಿ. ಅದರ ಜೊತೆಗೆ, ಆ ಗರಿಗಳನ್ನು ಮುಟ್ಟುವ ಅವಕಾಶ ಯಾರಿಗಿರಲಿಲ್ಲ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪ್ರಕಟಿಸಿದ ‘ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್’ ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದ ಕೃತಿ. ಒಡೆಯನ ಕಿರುಕುಳದಿಂದ ತಪ್ಪಿಸಿಕೊಂಡ ಆಕೆ ಅಜ್ಜಿಯ ಮನೆಯ ಅಟ್ಟದಲ್ಲಿ, ನೇರವಾಗಿ ನಿಲ್ಲಲೂ ಆಗದಷ್ಟು ಗಿಡ್ಡಾದ ಸ್ಥಳದಲ್ಲಿ, ಸುಮಾರು ಏಳು ವರ್ಷ ಅಡಗಿದ್ದಳು. ಕೃತಿ ಲಿಂಡಾ ಬ್ರೆಂಟ್ ಎಂಬ ಕಲ್ಪಿತ ಹೆಸರಿನಲ್ಲಿ ಬಂದುದರಿಂದಲೂ, ಬರಹ ಹದವಾಗಿದ್ದುದರಿಂದಲೂ ವಿದ್ವಾಂಸರು ಬಹುಕಾಲ ಇದನ್ನು ಕಟ್ಟುಕಥೆಯೆಂದೇ ತಳ್ಳಿಹಾಕಿದರು. ಜೀನ್ ಫೇಗನ್ ಯೆಲಿನ್ ಅವರು ಜೇಕಬ್ಸಳ ಪತ್ರಗಳನ್ನು ಶೋಧಿಸಿ ಕರ್ತೃತ್ವವನ್ನು ಸ್ಥಾಪಿಸಿ, 1987ರಲ್ಲಿ ಸಂಪಾದಿತ ಆವೃತ್ತಿಯನ್ನು ಹೊರತಂದರು. ಸ್ತ್ರೀಯೊಬ್ಬಳು, ಅದರಲ್ಲೂ ಗುಲಾಮಳು, ಇಷ್ಟು ಚೆನ್ನಾಗಿ ಬರೆಯಲಾರಳು ಎಂಬ ಪೂರ್ವಗ್ರಹವೇ ಪ್ರಮಾಣದ ವೇಷದಲ್ಲಿ ಕೆಲಸ ಮಾಡಿತ್ತು. ಕಂತಿಯಂಥ ಕವಯಿತ್ರಿಯ ಕುರಿತ ಚರ್ಚೆಗಳನ್ನು ಓದುವಾಗ ಈ ಪ್ರಕರಣ ನಮ್ಮ ಮನಸ್ಸಿನಲ್ಲಿರಲಿ.

ಲಿಂಕನ್ ಕುರಿತ ಗ್ರಂಥಗಳಿಗೆ ಲೆಕ್ಕವಿಲ್ಲ. ಒಂದನ್ನೇ ಓದುವುದಾದರೆ ಡೋರಿಸ್ ಕರ್ನ್ಸ್ ಗುಡ್ವಿನ್ ಅವರ ‘ಟೀಮ್ ಆಫ್ ರೈವಲ್ಸ್’ (2005) ಓದಬಹುದು. 1860ರಲ್ಲಿ ಪಕ್ಷದ ಉಮೇದುವಾರಿಕೆಗೆ ತನ್ನೊಡನೆ ಸ್ಪರ್ಧಿಸಿ ಸೋತ ಸೀವರ್ಡ್, ಚೇಸ್, ಬೇಟ್ಸ್ ಇವರನ್ನೇ ಲಿಂಕನ್ ಮಂತ್ರಿಗಳನ್ನಾಗಿ ಮಾಡಿಕೊಂಡ ಬಗೆ ಅಲ್ಲಿದೆ. ಅಮೆರಿಕದ ಗುಲಾಮಗಿರಿಯ ಅಂತ್ಯ ನಮ್ಮ ದೇಶದಲ್ಲಿಯೂ ಪ್ರತಿಧ್ವನಿಸಿತ್ತು. ಜೋತಿಬಾ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು.

ಕಾದಂಬರಿಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಮಾರ್ಗರೆಟ್ ಗಾರ್ನರ್ ಎಂಬಾಕೆಯ ನಿಜಘಟನೆಯಿಂದ ಹುಟ್ಟಿದ್ದು. 1856ರಲ್ಲಿ ಓಹಯೋ ನದಿ ದಾಟಿ ಪಾರಾಗಿದ್ದ ಆಕೆ, ಹಿಡಿಯಲು ಬಂದವರು ಮನೆ ಸುತ್ತುವರಿದಾಗ, ಮಗಳು ಮತ್ತೆ ಗುಲಾಮಳಾಗುವುದಕ್ಕಿಂತ ಸಾಯಲಿ ಎಂದು ತಾನೇ ಕೊಂದಳು. ಮಾರಿಸನ್ ಇದನ್ನು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಸತ್ತ ಮಗಳು ಆ ಮನೆಗೆ ಮರಳುತ್ತಾಳೆ. ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಸಂಕಲ್ಪಹಿಂಸೆ ಜನ್ಮಜನ್ಮಾಂತರ ಬೆನ್ನಟ್ಟುವುದನ್ನು ಓದಿದವರಿಗೆ, ಕರ್ಮ ಮರಳಿ ಬಂದು ಬಾಗಿಲು ತಟ್ಟುವ ಈ ಕಥೆ ದೂರದ್ದೆನಿಸದು.

ಮೆರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ (2004) ಮರಣವನ್ನು ಎದುರು ನೋಡುತ್ತಿರುವ ಮುದಿ ಪಾದ್ರಿಯೊಬ್ಬ ತನ್ನ ಪುಟ್ಟ ಮಗನಿಗೆ ಬರೆಯುವ ದೀರ್ಘ ಪತ್ರ. ಅವನ ಅಜ್ಜ ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದವನು, ತಂದೆ ಯಾವ ಯುದ್ಧವನ್ನೂ ಒಪ್ಪದ ಶಾಂತಿವಾದಿ. ಅನ್ಯಾಯವನ್ನು ಕೊನೆಗಾಣಿಸಲು ಹಿಂಸೆ ಸಲ್ಲುವುದೇ ಎಂಬ ವಿವಾದ ಆ ಮನೆಯಲ್ಲಿ ಮೂರು ತಲೆಮಾರು ಮುಗಿಯುವುದಿಲ್ಲ. ವಿರೋಧೀ ಹಿಂಸೆಯ ಮಿತಿಗಳನ್ನು ಚರ್ಚಿಸುವ ನಮಗೆ ಇದು ಬಹಳ ಹತ್ತಿರದ ವಿಷಯ.

ಎಡ್ವರ್ಡ್ ಪಿ. ಜೋನ್ಸ್ ಅವರ ‘ದ ನೋನ್ ವರ್ಲ್ಡ್’ (2003) ಇನ್ನೂ ಕಟುವಾದ ಕೃತಿ. ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದ ಕಪ್ಪು ಮನುಷ್ಯನೊಬ್ಬ ತಾನೇ ಗುಲಾಮರನ್ನು ಕೊಂಡು ಒಡೆಯನಾಗುವ ಕಥೆ ಅದು. ಒಡೆತನ ಎಂಬುದು ಒಂದು ಜನಾಂಗದ ಸ್ವಭಾವವಲ್ಲ, ಸಂದರ್ಭ ಒದಗಿದರೆ ಯಾರನ್ನೂ ಹಿಡಿಯಬಲ್ಲ ಕಷಾಯ ಎಂಬುದನ್ನು ಅದು ತೋರಿಸುತ್ತದೆ. ಅಲ್ಲಿ ಬರುವ ಜನಗಣತಿಯ ಅಂಕಿಗಳು ಕಾದಂಬರಿಕಾರನ ಕಲ್ಪನೆ. ಅವನ್ನು ಯಾರೂ ಪ್ರಬಂಧಗಳಲ್ಲಿ ಆಧಾರವಾಗಿ ಬಳಸಬಾರದು.

ಈಗ ಮೊದಲ ಪ್ರಶ್ನೆಗೆ ಮರಳೋಣ. 1860ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 39 ಲಕ್ಷ 50 ಸಾವಿರ ಗುಲಾಮರಿದ್ದರು. ಅವರಿಗಾಗಿ ಇದ್ದ ಪ್ರತ್ಯೇಕ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ ದಾಖಲಾಗುತ್ತಿತ್ತು. ಸಾಮಾನ್ಯವಾಗಿ ಹೆಸರು ಬರೆಯುತ್ತಿರಲಿಲ್ಲ. ಇದನ್ನು ಓದಿದ ಮೇಲೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನ ತಡೆಯುವುದು. ಗುಲಾಮಗಿರಿಯ ಒಟ್ಟು ಸ್ವರೂಪವೇ ಈ ಐದರಲ್ಲಿ ಅಡಗಿದೆ. ಶ್ರಾವಕನಿಗೆ ನಿಷಿದ್ಧವೆಂದು ಹೇಳಲಾದ ಹದಿನೈದು ವೃತ್ತಿಗಳಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾರುವ ಕೇಶವಾಣಿಜ್ಯವೂ ಸೇರಿದೆ. ಇಷ್ಟನ್ನು ಹೆಮ್ಮೆಯಿಂದಲೇ ಹೇಳಬಹುದು. ಆದರೆ ಅದೇ ಅಧ್ಯಾಯದಲ್ಲಿ ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರೂ ಬರುತ್ತಾರೆ. ಸೂತ್ರಕಾರರು ಮಿತಿಯನ್ನು ವಿಧಿಸಿದರು, ನಿಜ. ಆದರೆ ಮಿತಿ ವಿಧಿಸಿದ್ದು ಒಡೆತನದ ಪ್ರಮಾಣಕ್ಕೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೂಡುಬಿದಿರೆ, ಕಾರ್ಕಳಗಳ ಜೈನರ ಕುರಿತು ಬರೆದಂತೆಯೇ ತುಳುವ ಪ್ರಾಂತ್ಯದ ಬೇಸಾಯದಲ್ಲಿದ್ದ ಜೀತದಾಳುಗಳ ಕುರಿತೂ ಬರೆದಿದ್ದಾನೆ. ಸಂಶೋಧಕರು ಮೊದಲ ಭಾಗವನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ, ಎರಡನೆಯದನ್ನು ದಾಟಿಹೋಗುತ್ತಾರೆ. ಭೂಮಿಯೊಂದಿಗೆ ಬಂಧಿತರಾಗಿದ್ದ ಮೂಲದಾಳುಗಳ ನೆನಪು ನಮ್ಮ ಹಿರಿಯರಿಗೆ ಇದ್ದೇ ಇತ್ತು. ಜೈನ ಬೀಡುಗಳು, ಬಂಟರ ಗುತ್ತುಗಳು, ಬ್ರಾಹ್ಮಣರ ಜಮೀನುಗಳು ಇವುಗಳಲ್ಲಿ ಯಾವುದೂ ಈ ವ್ಯವಸ್ಥೆಯ ಹೊರಗಿರಲಿಲ್ಲ. ಅಟ್ಲಾಂಟಿಕ್ ದಾಟಿ ಬಂದ ಗುಲಾಮರ ಸ್ಥಿತಿಗೂ ನಮ್ಮ ಮೂಲದಾಳುಗಳ ಸ್ಥಿತಿಗೂ ವ್ಯತ್ಯಾಸಗಳಿವೆ. ಅಲ್ಲಿ ಬಣ್ಣ ಮತ್ತು ಮಾರುಕಟ್ಟೆ, ಇಲ್ಲಿ ಜಾತಿ ಮತ್ತು ಭೂಮಿ. ಈ ಭೇದಗಳನ್ನು ಗುರುತಿಸುವುದೇ ಸಂಶೋಧನೆ. ಆದರೆ ಭೇದವಿದೆ ಎಂಬುದು ಮೌನಕ್ಕೆ ನೆಪವಾಗಬಾರದು.

ಸಾವಿರ ಕಂಬದ ಬಸದಿಗೆ ದಾನ ಕೊಟ್ಟವರ ಹೆಸರುಗಳನ್ನು ಶಾಸನಗಳಿಂದ ಓದುತ್ತೇವೆ. ಕಲ್ಲನ್ನು ಹೊತ್ತವರ, ದಾನದ ಗದ್ದೆಯನ್ನು ಉತ್ತವರ ಹೆಸರು ಅಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿ 1936ರಿಂದ 1938ರವರೆಗೆ ಸರಕಾರವೇ ಬರಹಗಾರರನ್ನು ನೇಮಿಸಿ, ಬದುಕುಳಿದಿದ್ದ ಮಾಜಿ ಗುಲಾಮರ 2,300ಕ್ಕೂ ಹೆಚ್ಚು ಹೇಳಿಕೆಗಳನ್ನು ಬರೆಯಿಸಿತು. ನಮ್ಮಲ್ಲಿ ಅಂಥ ಆಕರವಾಗಿ ಉಳಿದಿರುವುದು ಪಾಡ್ದನಗಳು ಹಾಗೂ ನಾಟಿ ಮಾಡುವ ಹೆಂಗಸರ ಕಬಿತೆಗಳು. ಕೊರಗ ತನಿಯನ ಪಾಡ್ದನ ದೈವದ ಕಥೆಯಾಗಿರುವಂತೆಯೇ ದುಡಿಮೆಯ ಚರಿತ್ರೆಯೂ ಆಗಿದೆ. ಅಮೆರಿಕದ ಜಾನಪದ ವಿದ್ವಾಂಸ ಪೀಟರ್ ಕ್ಲಾಸ್ ಅವರು ತುಳುನಾಡಿಗೆ ಬಂದು ಈ ಮೌಖಿಕ ಪರಂಪರೆಯನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದರು. ಶಾಸನವನ್ನೂ ಪಾಡ್ದನವನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಇನ್ನೂ ಬಹಳ ಉಳಿದಿದೆ.

ಹೊಸಬರಿಗೆ ಓದಿನ ಕ್ರಮವನ್ನು ಹೀಗೆ ಸೂಚಿಸುತ್ತೇನೆ. ಡಗ್ಲಾಸನ ಆತ್ಮಕಥೆಯಿಂದ ಪ್ರಾರಂಭಿಸಿ. ಚಿಕ್ಕ ಪುಸ್ತಕ, ಭಾಷೆ ಸರಳ. ಅದೂ ಜೇಕಬ್ಸಳ ಕೃತಿಯೂ ಹಕ್ಕುಸ್ವಾಮ್ಯ ಮುಗಿದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಬಳಿಕ ವಿಲ್ಕರ್ಸನ್, ಆಮೇಲೆ ಜಿನ್ ಮತ್ತು ಬ್ರೌನ್. ಚರಿತ್ರೆಯ ಹಿನ್ನೆಲೆ ತಿಳಿದ ಮೇಲೆ ಕಾದಂಬರಿಗಳಿಗೆ ಬಂದರೆ ‘ಬಿಲವೆಡ್’ನಂಥ ಕಠಿಣ ಕೃತಿಯೂ ತೆರೆದುಕೊಳ್ಳುತ್ತದೆ. ಜೈನಿಯವರ ಗ್ರಂಥ ಮಾತ್ರ ಸದಾ ಕೈಗೆಟಕುವಂತಿರಲಿ. 1974ರ ಭೂಸುಧಾರಣೆಗೆ ಮುನ್ನಿನ ದಿನಗಳನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಈ ಪುಸ್ತಕಗಳನ್ನು ಓದುತ್ತಿರುವಾಗಲೇ, ಒಡೆಯರ ಮನೆಯವರನ್ನೂ ಆಳುಗಳ ಮನೆಯವರನ್ನೂ ಮಾತನಾಡಿಸಿ, ಅವರು ಹೇಳಿದ್ದನ್ನು ಅವರ ತುಳುವಿನಲ್ಲಿಯೇ ಬರೆದಿಟ್ಟುಕೊಳ್ಳಿ.